ಹೆಸರು ತುಂಬಿದವರು ಯಾರು?

ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಾಗಿಲ ಪಕ್ಕದ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರೊಂದು ಇರುವುದು ವಾಡಿಕೆ. ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ನು. ತಾರೀಖು, ಉಪಕರಣ, ಪಡೆದವರ ಹೆಸರು, ಸಹಿ, ಹಿಂದಿರುಗಿಸಿದ ವೇಳೆ ಎಂದು ಐದು ಕಲಮುಗಳು. ವರ್ನಿಯರ್ ಕ್ಯಾಲಿಪರ್ಸ್ ಬೇಕೆಂದವನು ತನ್ನ ಹೆಸರು ಬರೆಯುತ್ತಾನೆ. ಗಂಟೆ ಹೊಡೆದು ಸಾಲು ಉದ್ದವಾದಾಗ ಅವನ ಹಿಂದಿನವನಿಗೆ ಅವಸರ. ಅವನು ಹೆಸರಿನ ಕಲಮಿನಲ್ಲಿ ಎರಡು ಪುಟ್ಟ ಗೀಟು ಎಳೆದು ಹೋಗುತ್ತಾನೆ. ‘ಮೇಲಿನಂತೆ’ ಎಂದು ಅದರ ಅರ್ಥ. ಅವನ ಹಿಂದಿನವನೂ ಹಾಗೆಯೇ. ಸಂಜೆ ಗ್ಯಾಲ್ವನೋಮೀಟರಿನ ಸುರುಳಿ ಸುಟ್ಟಿರುವುದು ಗೊತ್ತಾಗಿ ಅಟೆಂಡರು ರಿಜಿಸ್ಟರು ತೆರೆದರೆ, ಏಳು ಸಾಲು ‘ಮೇಲಿನಂತೆ’. ಎಲ್ಲಕ್ಕೂ ಮೇಲಿರುವುದು ನಿಯಮದಂತೆ ಹೆಸರು ಬರೆದ ಪಾಪದ ಹುಡುಗನದು. ತಪ್ಪು ಅವನ ತಲೆಗೆ ಬರುತ್ತದೆ.

ಈ ಬಗೆಯ ರಿಜಿಸ್ಟರುಗಳು ಇಂದು ಕಂಪ್ಯೂಟರಿಗೆ ಏರಿವೆ. ಹಾಜರಿ, ದಾಸ್ತಾನು, ರಜೆ ಅರ್ಜಿ, ದೂರು, ಪುಸ್ತಕ ವಿತರಣೆ ಎಲ್ಲಕ್ಕೂ ಆನ್‌ಲೈನ್ ಪಟ್ಟಿ. ಪಟ್ಟಿಗೆ ಸಾಲು ಸೇರಿಸಲು ಒಂದು ನಮೂನೆ, ಅಂದರೆ ಫಾರಂ. ಫಾರಂ ತೆರೆದೊಡನೆ ‘ಹೆಸರು’ ಎಂಬ ಚೌಕದಲ್ಲಿ ಹೆಸರು ಮೊದಲೇ ಕುಳಿತಿರುತ್ತದೆ. ಬರೆಯುವ ಕಷ್ಟವಿಲ್ಲ, ಕಾಗುಣಿತದ ತಪ್ಪಿಲ್ಲ. ಬಹಳ ಅನುಕೂಲ. ಆದರೆ ಅಟೆಂಡರು ಕೇಳುವ ಪ್ರಶ್ನೆ ಇಲ್ಲಿಯೂ ಇದೆ: ಆ ಹೆಸರನ್ನು ತುಂಬಿದವರು ಯಾರು?

ಕೇಳದೆ ಬಡಿಸಿದ ಉಪ್ಪಿನಕಾಯಿ

ಹೀಗೆ ಮೊದಲೇ ತುಂಬಿರುವ ಉತ್ತರವನ್ನು ಕಂಪ್ಯೂಟರ್ ಭಾಷೆಯಲ್ಲಿ ‘ಡಿಫಾಲ್ಟ್’ ಎನ್ನುತ್ತಾರೆ. ಬ್ಯಾಂಕಿನವರ ಬಾಯಲ್ಲಿ ಇದೇ ಮಾತು ಬೇರೆ. ಸಾಲ ಕಟ್ಟದ ಸುಸ್ತಿದಾರನಿಗೆ ಅಲ್ಲಿ ಡಿಫಾಲ್ಟರ್ ಎಂದು ಹೆಸರು. ಎರಡಕ್ಕೂ ಮೂಲ ಒಂದೇ. ಮಾಡಬೇಕಾದವರು ಮಾಡದೆ ಇದ್ದಾಗ ಏನಾಗುತ್ತದೋ ಅದು. ಸಾಲಗಾರ ಕಟ್ಟದಿದ್ದರೆ ಸುಸ್ತಿ. ಫಾರಂ ತುಂಬುವವರು ಏನೂ ಹೇಳದಿದ್ದರೆ ಯಂತ್ರ ತಾನೇ ಇಟ್ಟುಕೊಳ್ಳುವ ಬೆಲೆ ಡಿಫಾಲ್ಟ್.

ಮದುವೆ ಮನೆಯ ಬಾಳೆ ಎಲೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಎಲೆಯ ಮುಂದೆ ಕೂರುವ ಹೊತ್ತಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿಯಾಗಿರುತ್ತದೆ. ಯಾರೂ ಕೇಳಿರುವುದಿಲ್ಲ. ಬೇಡವಾದವರು ಬದಿಗೆ ಸರಿಸಬಹುದು. ಆದರೆ ಸರಿಸುವವರು ಕಡಿಮೆ. ಡಿಫಾಲ್ಟಿನ ಬಲ ಇರುವುದು ಇಲ್ಲಿಯೇ. ಮೊದಲೇ ಇರುವುದನ್ನು ಜನ ಸಾಮಾನ್ಯವಾಗಿ ಹಾಗೆಯೇ ಬಿಡುತ್ತಾರೆ. ಉಪ್ಪಿನಕಾಯಿಯ ವಿಷಯದಲ್ಲಿ ಇದರಿಂದ ತೊಂದರೆಯಿಲ್ಲ. ಹೆಸರಿನ ವಿಷಯದಲ್ಲಿ ಹಾಗಲ್ಲ. ಏಕೆಂದರೆ ಹೆಸರು ಬರಿಯ ಮಾಹಿತಿಯಲ್ಲ, ಅದು ಹೊಣೆ.

ಜಾಲಪುಟದ ಫಾರಂಗೆ ಡಿಫಾಲ್ಟ್ ಕೊಡುವ ಏರ್ಪಾಡು ಹೊಸದೇನಲ್ಲ. ಜಾಲಪುಟಗಳನ್ನು ಬರೆಯುವ ಎಚ್‌.ಟಿ.ಎಂ.ಎಲ್. ಭಾಷೆಯ ಎರಡನೆಯ ಆವೃತ್ತಿ 1995ರ ನವೆಂಬರಿನಲ್ಲಿ ಪ್ರಕಟವಾದಾಗಲೇ ಅದರಲ್ಲಿ ಫಾರಂ ಇತ್ತು. ಪ್ರತಿ ಚೌಕಕ್ಕೂ ‘ವ್ಯಾಲ್ಯೂ’ ಎಂಬ ಗುಣ ಬರೆದು ಆರಂಭದ ಬೆಲೆ ಕೂರಿಸಬಹುದಿತ್ತು. ಆದರೆ ಅಲ್ಲಿ ಬರೆದ ಬೆಲೆ ಸ್ಥಿರ. ಫಾರಂ ತೆರೆದ ಪ್ರತಿಯೊಬ್ಬರಿಗೂ ಅವರವರದೇ ಹೆಸರು ಕಾಣಬೇಕಾದರೆ, ಎದುರಿಗಿರುವವರು ಯಾರೆಂದು ಯಂತ್ರಕ್ಕೆ ಮೊದಲು ತಿಳಿಯಬೇಕು. ಅದಕ್ಕೆ ಕಣ್ಣಿಲ್ಲ. ಹಾಗಾದರೆ ಹೇಗೆ ತಿಳಿಯುತ್ತದೆ?

ಚಪ್ಪಲಿ ಸ್ಟ್ಯಾಂಡಿನ ಟೋಕನ್

ಜಾಲಪುಟಗಳನ್ನು ಒದಗಿಸುವ ದೂರದ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಅದಕ್ಕೂ ಓದುಗರ ಕಂಪ್ಯೂಟರಿಗೂ ನಡೆಯುವ ಮಾತುಕತೆಯ ನಿಯಮ ವಿಚಿತ್ರವಾದದ್ದು. ಒಂದು ಪುಟ ಕೇಳಿ ಪಡೆದರೆ ಆ ವ್ಯವಹಾರ ಅಲ್ಲಿಗೆ ಮುಗಿಯಿತು. ಮರುಕ್ಷಣ ಇನ್ನೊಂದು ಪುಟ ಕೇಳಿದರೆ, ಕೇಳುತ್ತಿರುವವರು ಹಿಂದಿನವರೇ ಎಂಬ ನೆನಪು ಸರ್ವರಿಗೆ ಇರುವುದಿಲ್ಲ. ಈ ಮರೆವಿಗೆ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಒಂದು ಮದ್ದು ಕಂಡುಹಿಡಿದರು. ಅದೇ ‘ಕುಕಿ’.

ಕುಕಿ ಎಂದರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದಂತೆ. ಚಪ್ಪಲಿ ಬಿಟ್ಟಾಗ ಒಂದು ಸಂಖ್ಯೆ ಬರೆದ ಬಿಲ್ಲೆ ಕೊಡುತ್ತಾರೆ. ದರ್ಶನ ಮುಗಿಸಿ ಬಂದವರ ಮುಖವನ್ನು ಸ್ಟ್ಯಾಂಡಿನವನು ನೋಡುವುದಿಲ್ಲ. ಬಿಲ್ಲೆ ನೋಡುತ್ತಾನೆ, ಆ ಸಂಖ್ಯೆಯ ಗೂಡಿನಲ್ಲಿರುವ ಚಪ್ಪಲಿ ಕೊಡುತ್ತಾನೆ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ ಸರ್ವರ್ ಮಾಡುವುದೂ ಇಷ್ಟೇ. ಒಂದು ಗುಪ್ತ ಸಂಖ್ಯೆಯನ್ನು ಬ್ರೌಸರಿನ ಕೈಗೆ ಕೊಡುತ್ತದೆ. ಮುಂದೆ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಆ ಬಿಲ್ಲೆ ತೋರಿಸುತ್ತದೆ. ಸರ್ವರ್ ಗೂಡು ನೋಡಿ, ‘ಇದು ಮಂಜುನಾಥನ ಬಿಲ್ಲೆ’ ಎಂದು ಫಾರಂನಲ್ಲಿ ಮಂಜುನಾಥನ ಹೆಸರು ಕೂರಿಸುತ್ತದೆ.

ಗಮನಿಸಬೇಕಾದ ಸಂಗತಿ ಇದು: ಸರ್ವರಿಗೆ ಗೊತ್ತಿರುವುದು ಬಿಲ್ಲೆ, ಮನುಷ್ಯನಲ್ಲ. ಮಂಜುನಾಥ ಲಾಗ್‌ಔಟ್ ಆಗದೆ ಕಾಫಿಗೆ ಎದ್ದು ಹೋದರೆ, ಅವನ ಕುರ್ಚಿಯಲ್ಲಿ ಕೂತ ಯಾರೇ ಆದರೂ ಯಂತ್ರದ ಪಾಲಿಗೆ ಮಂಜುನಾಥನೇ. ಬಿಲ್ಲೆ ಬೇರೆಯವರ ಕೈ ಸೇರಿದರೆ ಚಪ್ಪಲಿಯೂ ಅವರ ಕಾಲಿಗೆ.

ಫಾರಂನಲ್ಲಿ ಹೆಸರು ತಾನಾಗಿ ಕಾಣಿಸಿಕೊಳ್ಳಲು ಇನ್ನೊಂದು ದಾರಿಯೂ ಇದೆ. ಹಿಂದೆ ಯಾರೋ ಬರೆದದ್ದನ್ನು ಬ್ರೌಸರ್ ತಾನೇ ನೆನಪಿಟ್ಟುಕೊಂಡು ತುಂಬುವುದು. ಇದಕ್ಕೆ ‘ಆಟೋಫಿಲ್’ ಎನ್ನುತ್ತಾರೆ. ಇಲ್ಲಿ ಲಾಗಿನ್ನಿಗೂ ಹೆಸರಿಗೂ ಸಂಬಂಧವೇ ಇಲ್ಲ. ನಾಲ್ಕಾರು ಜನ ಬಳಸುವ ಕಂಪ್ಯೂಟರಿನಲ್ಲಿ ಇದು ನೇರವಾಗಿ ಆ ಹಳೆಯ ಎರಡು ಗೀಟು. ನೋಡುವವರಿಗೆ ಎರಡೂ ಬಗೆಯ ಹೆಸರು ಒಂದೇ ರೀತಿ ಕಾಣುವುದರಿಂದ, ಯಾವುದನ್ನು ನಂಬಬೇಕೆಂಬುದು ತಿಳಿಯುವುದಿಲ್ಲ.

ಒಂದೇ ಕಲಮಿನಲ್ಲಿ ಮೂರು ಹೆಸರು

ಫಾರಂ ಮಾಡುವವರು ಸಾಮಾನ್ಯವಾಗಿ ‘ಹೆಸರು’ ಎಂದು ಒಂದೇ ಚೌಕ ಇಟ್ಟು ಮುಗಿಸುತ್ತಾರೆ. ಆದರೆ ಒಂದು ದಾಖಲೆಯಲ್ಲಿ ಮೂರು ಹೆಸರುಗಳು ಇರಬಹುದು. ಯಾರ ವಿಷಯವೋ ಅವರು. ಬರೆದವರು. ಸರಿಯೆಂದು ಒಪ್ಪಿದವರು.

ಗ್ರಾಮ ಒನ್ ಕೇಂದ್ರದಲ್ಲಿ ಅಜ್ಜಿಯೊಬ್ಬಳು ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುತ್ತಾಳೆ ಎನ್ನಿ. ಅರ್ಜಿ ಅವಳದು, ಕೀಲಿಮಣೆ ಒತ್ತುವವನು ಕೇಂದ್ರದ ಹುಡುಗ, ಮಂಜೂರು ಮಾಡುವವರು ಕಂದಾಯ ಇಲಾಖೆಯ ಅಧಿಕಾರಿ. ಶಾಲೆಯಲ್ಲಿ ಮಗುವಿನ ವಿವರವನ್ನು ಶಿಕ್ಷಕರು ತುಂಬುವಾಗಲೂ ಹೀಗೆಯೇ. ಇಂತಹ ಕಡೆ ಹೆಸರಿನ ಚೌಕಕ್ಕೆ ‘ಲಾಗಿನ್ ಆದವರ ಹೆಸರು’ ಎಂದು ಡಿಫಾಲ್ಟ್ ಕೊಟ್ಟರೆ, ಅಜ್ಜಿಯ ಹೆಸರು ಬರಬೇಕಾದಲ್ಲಿ ಹುಡುಗನ ಹೆಸರು ಕುಳಿತಿರುತ್ತದೆ. ಅವಸರದಲ್ಲಿ ಯಾರೂ ತಿದ್ದದೆ ಹೋದರೆ ಅಜ್ಜಿಯ ಅರ್ಜಿ ಹುಡುಗನದಾಗುತ್ತದೆ.

ಇನ್ನೊಂದು ತೊಡಕು ಹೆಸರಿನ ಸ್ವಭಾವದ್ದು. ಒಂದೇ ಕಚೇರಿಯಲ್ಲಿ ಇಬ್ಬರು ಮಂಜುನಾಥರು ಇರುವುದು ಕನ್ನಡ ನಾಡಿನಲ್ಲಿ ಅಪರೂಪವಲ್ಲ. ಒಬ್ಬರನ್ನು ಜನ ಗುರುತಿಸುವುದು ಇನಿಷಿಯಲ್ಲಿನಿಂದ, ಇನ್ನೊಬ್ಬರನ್ನು ಊರಿನಿಂದ. ಮದುವೆಯ ನಂತರ ಹೆಸರು ಬದಲಿಸಿಕೊಳ್ಳುವವರಿದ್ದಾರೆ. ಪಟ್ಟಿಯಲ್ಲಿ ಹೆಸರನ್ನು ಬರಿಯ ಅಕ್ಷರಗಳಾಗಿ ಇಟ್ಟರೆ ನಾಲ್ಕು ವರ್ಷಗಳ ನಂತರ ‘ಮಂಜುನಾಥ’ ಎಂದರೆ ಯಾವ ಮಂಜುನಾಥ ಎಂದು ಹೇಳುವವರೇ ಇರುವುದಿಲ್ಲ. ಆದ್ದರಿಂದ ಒಳ್ಳೆಯ ಪಟ್ಟಿಗಳು ಒಳಗೆ ಇಟ್ಟುಕೊಳ್ಳುವುದು ಹೆಸರನ್ನಲ್ಲ, ಆ ವ್ಯಕ್ತಿಯ ಖಾತೆಗೆ ಕೊಟ್ಟ ಗುರುತಿನ ಸಂಖ್ಯೆಯನ್ನು. ಪರದೆಯ ಮೇಲೆ ಕಾಣುವ ಹೆಸರು ಆ ಸಂಖ್ಯೆಗೆ ತೊಡಿಸಿದ ಅಂಗಿ ಮಾತ್ರ. ಅಂಗಿ ಬದಲಾದರೂ ಆಸಾಮಿ ಬದಲಾಗುವುದಿಲ್ಲ.

ಕಚೇರಿಗಳಲ್ಲಿ ಬಳಕೆಯಲ್ಲಿರುವ ಮೈಕ್ರೋಸಾಫ್ಟಿನ ಶೇರ್‌ಪಾಯಿಂಟ್ ಪಟ್ಟಿಗಳಲ್ಲಿ ಈ ಏರ್ಪಾಡು ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಸಾಲಿಗೂ ‘ಕ್ರಿಯೇಟೆಡ್ ಬೈ’, ‘ಮಾಡಿಫೈಡ್ ಬೈ’ ಎಂಬ ಎರಡು ಕಲಮುಗಳು ತಾವಾಗಿ ಬರುತ್ತವೆ. ಮೊದಲನೆಯದು ಸಾಲು ಬರೆದವರ ಖಾತೆ, ಎರಡನೆಯದು ಕೊನೆಯ ಬಾರಿ ತಿದ್ದಿದವರ ಖಾತೆ. ಇವನ್ನು ತುಂಬುವುದು ಸರ್ವರ್. ಫಾರಂ ಬರೆಯುವವರು ಇವುಗಳ ಮೇಲೆ ತಮಗೆ ಬೇಕಾದ ಹೆಸರು ಬರೆಯುವಂತಿಲ್ಲ. ಬರೆದವರು ಯಾರೆಂಬುದಷ್ಟೇ ಬೇಕಿದ್ದರೆ ಫಾರಂನಲ್ಲಿ ಬೇರೆ ‘ಹೆಸರು’ ಚೌಕ ಇಡುವ ಅಗತ್ಯವೇ ಇಲ್ಲ. ಆ ಚೌಕ ಬೇಕೇ ಬೇಕೆಂದರೆ, ಪವರ್ ಆ್ಯಪ್ಸ್ ಎಂಬ ಜೊತೆಗಾರ ತಂತ್ರಾಂಶದಲ್ಲಿ ‘ಯೂಸರ್’ ಎಂಬ ಸೂತ್ರವನ್ನು ಚೌಕದ ಡಿಫಾಲ್ಟಿಗೆ ಬರೆದರೆ ಲಾಗಿನ್ ಆದವರ ಹೆಸರೋ ಇ-ಮೇಲ್ ವಿಳಾಸವೋ ಅಲ್ಲಿ ಬಂದು ಕೂರುತ್ತದೆ.

ಗೂಗಲ್ ಫಾರಂ ಬಳಸುವವರು ಎಚ್ಚರದಿಂದ ಇರಬೇಕಾದ ಜಾಗವೊಂದಿದೆ. ಅಲ್ಲಿ ಮೊದಲೇ ಉತ್ತರ ತುಂಬಿದ ಲಿಂಕ್ ತಯಾರಿಸುವ ಸೌಲಭ್ಯವಿದೆ. ಆ ಉತ್ತರಗಳು ಲಿಂಕಿನ ಬಾಲದಲ್ಲಿ ಅಂಟಿಕೊಂಡಿರುತ್ತವೆ. ಮುಖ್ಯೋಪಾಧ್ಯಾಯರು ಪ್ರಯತ್ನಕ್ಕೆಂದು ತಮ್ಮ ಹೆಸರು ತುಂಬಿ, ಆ ಲಿಂಕನ್ನೇ ನಲವತ್ತು ಜನಕ್ಕೆ ಕಳುಹಿಸಿದರೆ, ನಲವತ್ತು ಜನಕ್ಕೂ ಕಾಣುವುದು ಮುಖ್ಯೋಪಾಧ್ಯಾಯರ ಹೆಸರೇ. ಬರೆದವರು ಯಾರೆಂದು ನಿಜವಾಗಿ ಗೊತ್ತಾಗಬೇಕಾದರೆ, ಲಾಗಿನ್ ಆದ ಖಾತೆಯಿಂದಲೇ ಇ-ಮೇಲ್ ವಿಳಾಸ ದಾಖಲಾಗುವಂತೆ ಫಾರಂನ ಸೆಟ್ಟಿಂಗ್‌ನಲ್ಲಿ ಆರಿಸಬೇಕು.

ಅದಲು ಬದಲಾದ ಎರಡು ಕಡತ

ಇದೆಲ್ಲ ಬಿಡಿ, ಸಣ್ಣ ಪುಟ್ಟ ಗೊಂದಲ ಎಂದು ತಳ್ಳಿಹಾಕುವವರಿಗೆ ಕಂಪ್ಯೂಟರ್ ಚರಿತ್ರೆ ಎರಡು ಪಾಠ ಹೇಳುತ್ತದೆ. ಮೊದಲನೆಯದು ನಗೆ ತರಿಸುವಂಥದು.

ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂ.ಐ.ಟಿ.ಯಲ್ಲಿ, ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಏರ್ಪಾಡನ್ನು 1961ರಲ್ಲಿ ಮಾಡಿ ತೋರಿಸಿದರು. ಅದರ ಹೆಸರು ಸಿ.ಟಿ.ಎಸ್‌.ಎಸ್. ಪ್ರತಿಯೊಬ್ಬರ ಕಡತ ಪ್ರತ್ಯೇಕವಾಗಿರಬೇಕೆಂದು ಒಬ್ಬೊಬ್ಬರಿಗೂ ಪಾಸ್‌ವರ್ಡ್ ಕೊಡುವ ಪದ್ಧತಿಗೆ ನಾಂದಿಯಾದದ್ದೂ ಅಲ್ಲಿಯೇ.

ಅದರಲ್ಲಿ ಕಡತ ತಿದ್ದುವ ಒಂದು ಪ್ರೋಗ್ರಾಂ ಇತ್ತು. ತಿದ್ದುವಾಗ ಅದು ತಾತ್ಕಾಲಿಕ ಕಡತವೊಂದನ್ನು ಮಾಡಿಕೊಳ್ಳುತ್ತಿತ್ತು. ಆ ತಾತ್ಕಾಲಿಕ ಕಡತಕ್ಕೆ ಯಾವಾಗಲೂ ಒಂದೇ ಸಿದ್ಧ ಹೆಸರು. ಒಂದು ಖಾತೆಯನ್ನು ಒಂದು ಹೊತ್ತಿಗೆ ಒಬ್ಬರೇ ಬಳಸುತ್ತಾರೆ ಎಂಬುದು ಅದನ್ನು ಬರೆದವರ ಎಣಿಕೆ. ಮುಂದೆ, ವ್ಯವಸ್ಥೆಯನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಅನುಕೂಲವಾಗಲೆಂದು ಅವರ ಖಾತೆಯನ್ನು ಹಲವರು ಒಟ್ಟಿಗೆ ಬಳಸಬಹುದೆಂದು ನಿಯಮ ಸಡಿಲಿಸಿದರು. 1960ರ ದಶಕದ ಮಧ್ಯದಲ್ಲಿ ಒಂದು ದಿನ ಆ ಖಾತೆಯಲ್ಲಿ ಒಬ್ಬರು ಎಲ್ಲರಿಗೂ ತೋರಿಸುವ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರು. ಅದೇ ಹೊತ್ತಿಗೆ ಮತ್ತೊಬ್ಬರು ಪಾಸ್‌ವರ್ಡುಗಳ ಕಡತವನ್ನು ತಿದ್ದುತ್ತಿದ್ದರು. ಎರಡು ತಾತ್ಕಾಲಿಕ ಕಡತಗಳಿಗೂ ಒಂದೇ ಹೆಸರು. ಎರಡೂ ಅದಲು ಬದಲಾದವು. ಆಮೇಲೆ ಲಾಗಿನ್ ಆದವರಿಗೆಲ್ಲ ದಿನದ ಪ್ರಕಟಣೆಯ ಬದಲು ಎಲ್ಲ ಬಳಕೆದಾರರ ಪಾಸ್‌ವರ್ಡುಗಳೂ ಸಾಲಾಗಿ ಮುದ್ರಣವಾಗಿ ಬಂದವು!

ಕಾರ್ಬಟೊ 1990ರ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಪಡೆದು ಮಾಡಿದ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ತಾವೇ ಹೇಳಿಕೊಂಡರು. ದೊಡ್ಡವರ ಲಕ್ಷಣ ಅದು. ಇಲ್ಲಿ ಯಾರೂ ಕಳ್ಳರಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಒಬ್ಬರಿಗೆಂದು ಇಟ್ಟ ಸಿದ್ಧ ಹೆಸರನ್ನು ಇಬ್ಬರು ಬಳಸಿದರು, ಅಷ್ಟೇ.

ಅಂಚೆ ಕಚೇರಿಯ ದುರಂತ

ಎರಡನೆಯ ಪಾಠದಲ್ಲಿ ನಗುವಂಥದು ಏನೂ ಇಲ್ಲ.

ಬ್ರಿಟನ್ನಿನಲ್ಲಿ ಹಳ್ಳಿ, ಪೇಟೆಗಳ ಅಂಚೆ ಕಚೇರಿಗಳನ್ನು ಬಹುಮಟ್ಟಿಗೆ ನಡೆಸುವವರು ಕರಾರಿನ ಮೇಲೆ ನೇಮಕವಾದ ಸಬ್ ಪೋಸ್ಟ್‌ಮಾಸ್ಟರುಗಳು. ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕೆಂದು ಅವರಿಗೆ ಹೇಳಲಾಗುತ್ತಿತ್ತು. 1999ರಿಂದ ಈ ಕಚೇರಿಗಳಿಗೆ ‘ಹೊರೈಜನ್’ ಎಂಬ ಕಂಪ್ಯೂಟರ್ ಲೆಕ್ಕದ ವ್ಯವಸ್ಥೆ ಬಂತು. ಅದನ್ನು ನಿರ್ವಹಿಸುತ್ತಿದ್ದುದು ಫುಜಿತ್ಸು ಕಂಪನಿ. ಅನೇಕ ಕಡೆ ಪರದೆಯ ಲೆಕ್ಕಕ್ಕೂ ಪೆಟ್ಟಿಗೆಯ ಹಣಕ್ಕೂ ತಾಳೆಯಾಗದೆ ಹೋಯಿತು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲವೆಂದು ನಂಬಿದ ಸಂಸ್ಥೆ ಪೋಸ್ಟ್‌ಮಾಸ್ಟರುಗಳನ್ನೇ ಕಳ್ಳರೆಂದು ನ್ಯಾಯಾಲಯಕ್ಕೆ ಎಳೆಯಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿಕೊಂಡರು. ಕೆಲವರು ಸೆರೆಮನೆ ಕಂಡರು, ಹಲವರು ಮನೆ ಮಾರಿದರು.

ಮೂಲ ದೋಷ ಲೆಕ್ಕದ ತಂತ್ರಾಂಶದ್ದು. ಆದರೆ ಹೆಸರಿನ ಪ್ರಶ್ನೆ ಅದರ ಒಡಲಲ್ಲೇ ಇತ್ತು. 2012ರಲ್ಲಿ ಯಾರ್ಕ್‌ಷೈರಿನ ಲೆಪ್ಟನ್ ಎಂಬಲ್ಲಿ ಒಂದು ಬಿಲ್ ಪಾವತಿಯ ನಡುವೆ ಅಡಚಣೆಯಾಗಿ, ಆ ವ್ಯವಹಾರವನ್ನು ಕಂಪ್ಯೂಟರ್ ತಾನಾಗಿ ರದ್ದು ಮಾಡಿತು. ದಾಖಲೆಯಲ್ಲಿ ಮಾತ್ರ ಅದನ್ನು ರದ್ದು ಮಾಡಿದವರು ಪೋಸ್ಟ್‌ಮಾಸ್ಟರ್ ಎಂಬಂತೆ ಕಾಣುತ್ತಿತ್ತು. ಯಂತ್ರ ಮಾಡಿದ ಕೆಲಸಕ್ಕೆ ಮನುಷ್ಯನ ಹೆಸರು! ಅಷ್ಟೇ ಅಲ್ಲ. ದೂರದಲ್ಲಿ ಕೂತ ಫುಜಿತ್ಸು ಸಿಬ್ಬಂದಿ ಶಾಖೆಯ ಲೆಕ್ಕದೊಳಗೆ ನಮೂದು ಸೇರಿಸಬಲ್ಲವರಾಗಿದ್ದರು. ಅವು ಪೋಸ್ಟ್‌ಮಾಸ್ಟರೇ ಮಾಡಿದಂತೆ ಕಾಣಬಹುದಿತ್ತು. ಹಾಗೆ ಹೊರಗಿನಿಂದ ಕೈಹಾಕಲು ಸಾಧ್ಯವೇ ಇಲ್ಲವೆಂದು ಸಂಸ್ಥೆ ವರ್ಷಗಟ್ಟಲೆ ಹೇಳಿಕೊಂಡು ಬಂದಿತ್ತು. 2019ರ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಪೀಟರ್ ಫ್ರೇಸರ್ ಕೊಟ್ಟ ತೀರ್ಪು ಈ ಮಾತನ್ನು ತಳ್ಳಿಹಾಕಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಜನರ ಶಿಕ್ಷೆಯನ್ನು ರದ್ದುಗೊಳಿಸಿತು. ಉಳಿದ ನೂರಾರು ಜನರ ಹೆಸರಿಗೆ ಅಂಟಿದ ಕಳಂಕ ತೊಳೆಯಲು 2024ರಲ್ಲಿ ಬ್ರಿಟಿಷ್ ಸಂಸತ್ತು ವಿಶೇಷ ಕಾಯಿದೆಯನ್ನೇ ಮಾಡಬೇಕಾಯಿತು. ಈ ಪ್ರಕರಣದ ವಿಚಾರಣಾ ಆಯೋಗ 2025ರ ಜುಲೈನಲ್ಲಿ ವರದಿಯ ಮೊದಲ ಸಂಪುಟ ಹೊರತಂದಿತು. ಕನಿಷ್ಠ 13 ಜನರ ಆತ್ಮಹತ್ಯೆಗೆ ಇದರೊಂದಿಗೆ ಸಂಬಂಧವಿದ್ದೀತೆಂದು ಅದರಲ್ಲಿ ಹೇಳಿದೆ.

ದಾಖಲೆಯಲ್ಲಿ ಹೆಸರಿದೆ, ಆದ್ದರಿಂದ ಮಾಡಿದವನು ನೀನೇ ಎಂಬ ತರ್ಕ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬೆರಳಿನ ಗುರುತು

ಇದೇ ಪ್ರಶ್ನೆಯನ್ನು ಕರ್ನಾಟಕದಲ್ಲಿ ಮೊದಲೇ ಯೋಚಿಸಿ ಎದುರಿಸಿದ ಉದಾಹರಣೆಯೂ ಉಂಟು. ಅದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು ಸುಮಾರು 2000ನೆಯ ಇಸವಿಯ ಹೊತ್ತಿಗೆ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಏರಿಸಿದಾಗ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಅದರೊಳಗೆ ಬಂದವು. ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಒಂದು ಸಂಸಾರದ ಅನ್ನವೇ ಬದಲಾಗುತ್ತದೆ. ಹಾಗಾಗಿ ಬದಲಾವಣೆ ಮಾಡಿದವರು ಯಾರು ಎಂಬುದು ಖಚಿತವಾಗಿ ಗೊತ್ತಿರಬೇಕಿತ್ತು.

ಪಾಸ್‌ವರ್ಡ್ ಒಂದನ್ನೇ ನಂಬಿದ್ದರೆ? ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿರುವುದು ಕಚೇರಿಗಳಲ್ಲಿ ಹೊಸ ಸಂಗತಿಯಲ್ಲ. ರಜೆಯ ಮೇಲಿರುವವರ ಕೆಲಸ ನಡೆಯಬೇಕಲ್ಲ ಎಂಬುದು ಸಿದ್ಧ ಸಮಜಾಯಿಷಿ. ನಾಳೆ ತಪ್ಪು ಹೊರಬಿದ್ದಾಗ ‘ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದ್ದಾರೆ’ ಎಂದರೆ ಮುಗಿಯಿತು. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಆದ್ದರಿಂದ ಭೂಮಿಯ ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಕಂಪ್ಯೂಟರಿನೊಳಗೆ ಹೋಗುವಂತೆ ಮಾಡಿದರು. ಚಪ್ಪಲಿ ಸ್ಟ್ಯಾಂಡಿನ ಬಿಲ್ಲೆಯನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಬೆರಳನ್ನು ಕೊಡಲಾದೀತೆ?

ಬೆರಳಚ್ಚು ಬಂದ ಮಾತ್ರಕ್ಕೆ ಭೂಮಿಯ ಜಗಳಗಳು ನಿಂತವೆಂದಲ್ಲ. ಆದರೆ ತಾನಾಗಿ ಬಂದು ಕೂರುವ ಹೆಸರಿಗೆ ಒಂದು ನಿಜವಾದ ಬೆರಳಿನ ಆಧಾರ ಸಿಕ್ಕಿತು. ತಪ್ಪು ಮಾಡಿದವನು ನುಣುಚಿಕೊಳ್ಳುವುದು ಕಷ್ಟವಾಯಿತು. ಅದಕ್ಕಿಂತ ಮುಖ್ಯವಾಗಿ, ತಪ್ಪು ಮಾಡದವನಿಗೆ ರಕ್ಷಣೆ ದೊರೆಯಿತು.

ಫಾರಂ ಮಾಡುವವರ ಕೈಯಲ್ಲಿ

ಪ್ರತಿ ಶಾಲೆ, ಸೊಸೈಟಿ, ಗ್ರಂಥಾಲಯವೂ ಬೆರಳಚ್ಚಿನ ಯಂತ್ರ ತರಿಸಬೇಕಿಲ್ಲ. ಫಾರಂ ಮಾಡುವವರು ಕೆಲವು ಸಂಗತಿಗಳನ್ನು ನೆನಪಿಟ್ಟರೆ ಸಾಕು.

ಮೊದಲನೆಯದಾಗಿ, ‘ಹೆಸರು’ ಎಂದಷ್ಟೇ ಬರೆಯದೆ ಯಾರ ಹೆಸರು ಎಂದು ಬಿಡಿಸಿ ಬರೆಯಬೇಕು. ‘ಅರ್ಜಿದಾರರ ಹೆಸರು’, ‘ನಮೂದಿಸಿದವರ ಹೆಸರು’ ಬೇರೆ ಬೇರೆ ಚೌಕಗಳಾಗಲಿ. ಎರಡನೆಯದಾಗಿ, ನಮೂದಿಸಿದವರ ಹೆಸರನ್ನು ಯಂತ್ರವೇ ಲಾಗಿನ್ನಿನಿಂದ ತುಂಬಲಿ, ತಿದ್ದಲು ಬಾರದಿರಲಿ. ಅರ್ಜಿದಾರರ ಹೆಸರಿನ ಚೌಕ ಮಾತ್ರ ಖಾಲಿಯೇ ಇರಲಿ. ಖಾಲಿ ಚೌಕ ಪ್ರಶ್ನೆ ಕೇಳುತ್ತದೆ, ತುಂಬಿದ ಚೌಕ ಕೇಳುವುದಿಲ್ಲ. ಮೂರನೆಯದಾಗಿ, ಯಂತ್ರ ತಾನಾಗಿ ಮಾಡಿದ ಕೆಲಸಕ್ಕೆ ಯಂತ್ರದ ಹೆಸರೇ ಬರಲಿ. ನಾಲ್ಕನೆಯದಾಗಿ, ಕಂಪ್ಯೂಟರ್ ಒಂದೇ ಇದ್ದರೂ ಖಾತೆಗಳು ಒಬ್ಬೊಬ್ಬರಿಗೂ ಬೇರೆಯಿರಲಿ. ‘ಆಫೀಸ್’ ಎಂಬ ಒಂದೇ ಖಾತೆಯಿಂದ ಎಂಟು ಜನ ಬರೆದರೆ ಎಂಟು ಸಾಲೂ ‘ಮೇಲಿನಂತೆ’.

ಫಾರಂ ತುಂಬುವವರ ಕೆಲಸ ಇನ್ನೂ ಸುಲಭ. ಕಳುಹಿಸುವ ಗುಂಡಿ ಒತ್ತುವ ಮೊದಲು ಹೆಸರಿನ ಚೌಕವನ್ನು ಒಮ್ಮೆ ಓದುವುದು. ಎದ್ದು ಹೋಗುವ ಮೊದಲು ಲಾಗ್‌ಔಟ್ ಮಾಡುವುದು.

ಪ್ರಯೋಗಾಲಯದ ಹಳೆಯ ಅಟೆಂಡರು ಈ ಯಾವ ತಂತ್ರವನ್ನೂ ಓದಿದವರಲ್ಲ. ಎರಡು ಗೀಟು ಎಳೆದು ಓಡುವ ಹುಡುಗನನ್ನು ಅವರು ಕೂಗಿ ನಿಲ್ಲಿಸುತ್ತಿದ್ದರು. “ಮೇಲಿನಂತೆ ಅಂದ್ರೆ ಯಾರಪ್ಪ? ನಿಂಗೊಂದು ಹೆಸರಿಲ್ವೇನೋ? ಬಾ, ಬರದು ಹೋಗು.” ಹುಡುಗ ಗೊಣಗುತ್ತಲೇ ಹಿಂದಿರುಗಿ, ದಾರದ ಪೆನ್ನು ಹಿಡಿದು, ತನ್ನ ಹೆಸರು ಬರೆದು ಹೋಗುತ್ತಿದ್ದ.